ಅಮೋಘಿ ಅಣ್ಣನ ಐದನೆಯ ರೆಕಾರ್ಡಿಗೆ

ತಿಕೋಟಾ,
ಎಳ್ಳಮವಾಸ್ಯೆಯ ಮರುದಿನ, ೧೯೭೮

ಬಬಲೇಶ್ವರದ ಅಮೋಘಿ ಅಣ್ಣನಿಗೆ ತಿಕೋಟಾದ ಸಾವಂತ್ರವ್ವ ಮಾಡುವ ಶರಣು.

ನೀನು ಹೇಳಿ ಕಳಿಸಿದ ಮಾತು ಮುಟ್ಟಿತು. ಸೊಲ್ಲಾಪುರ ರಸ್ತೆಯ ಸ್ಪೀಕರ್ ಅಂಗಡಿಯ ಸೈಫುದ್ದೀನ ನಿನ್ನೆ ಮಧ್ಯಾಹ್ನದ ಬಸ್ಸಿಗೆ ವಿಜಾಪುರದಿಂದ ಬಂದಿದ್ದ, ಜೊತೆಗೆ ಮಗಳು ಸಬೀರಾ. ನನ್ನ ತಮ್ಮ, ತಮ್ಮನ ಹೆಂಡತಿ ಸಕ್ರವ್ವ, ಮಕ್ಕಳು ಎಲ್ಲರೂ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದರು. ನಾನು ಹೋಗಿರಲಿಲ್ಲ. ಹೊಲದ ದಾರಿ ಏರು, ನನ್ನಲ್ಲಿ ಈಗ ಅಷ್ಟು ಉಸಿರಿಲ್ಲ. ಬುತ್ತಿ ಕಟ್ಟಿ ಉಳಿದಿದ್ದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದೆ. ಉಂಡು ಕೈ ತೊಳೆದ ಮೇಲೆ ಸೈಫುದ್ದೀನ ವಿಷಯಕ್ಕೆ ಬಂದ.

ಮುಂಬಯಿ ಕಂಪನಿಯವರು ನಿನ್ನ ಐದನೆಯ ರೆಕಾರ್ಡು ತೆಗೆಯುತ್ತಾರಂತೆ. ಈ ಸಲದ್ದು ದೊಡ್ಡದಂತೆ, ಹಿಟ್ಟು ನಾದುವ ಪರಾತದಷ್ಟು ಅಗಲ. ಒಂದು ಮಗ್ಗುಲಿಗೆ ನಿನ್ನ ಸವಾಲು, ಇನ್ನೊಂದು ಮಗ್ಗುಲಿಗೆ ನನ್ನ ಜವಾಬು. ಇದೇ ಕಡೆಯ ರೆಕಾರ್ಡು, ಸಾವಂತ್ರಿ ಇರದೆ ಹಾಡುವುದಿಲ್ಲ ಎಂದು ನೀನು ಹಟ ಹಿಡಿದಿದ್ದೀಯಂತೆ. ಶಿವರಾತ್ರಿ ಮುಗಿದ ಮೇಲೆ ಹೋಗುವುದಂತೆ. "ಅಕ್ಕಾ, ನೀವು ಹೂಂ ಅಂದ್ರ ಸಾಕ್ರಿ, ಉಳಿದದ್ದೆಲ್ಲಾ ನಾ ನೋಡಕೋತೀನಿ" ಎಂದ ಸೈಫುದ್ದೀನ. ನಾನು ತಾಟು ಎತ್ತಿಕೊಂಡು ಏಳುವುದನ್ನು ನೋಡಿ ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದ. "ಬರಾಕ ಆಗದಿದ್ದರ ಜವಾಬು ಬರದ ಕೊಡ್ರಿ. ಅಲ್ಲೇ ಒಬ್ಬಾಕಿ ಅದಾಳಂತ, ಬರದದ್ದು ನೋಡಿ ಹಾಡತಾಳಂತ." ಈ ಎರಡನೆಯ ಮಾತು ನಿನ್ನದೋ, ಕಂಪನಿಯದೋ ನಾನು ಕೇಳಲಿಲ್ಲ. ಕೇಳಿದ್ದರೆ ಅವನು ಸುಳ್ಳು ಹೇಳಬೇಕಾಗುತ್ತಿತ್ತೇನೋ. ಉತ್ತರ ಅಣ್ಣನಿಗೇ ಬರೆದು ಕಳಿಸುತ್ತೇನೆ ಎಂದು ಹೇಳಿ ಬಸ್ಸಿಗೆ ಕಳಿಸಿದೆ.

ಹೊರಡುವ ಮುಂಚೆ ಸಬೀರಾ ಒಂದು ಪ್ರಶ್ನೆ ಕೇಳಿದಳು. ಕಾಲೇಜು ಓದುವ ಹುಡುಗಿ, ನಿನ್ನ ನಾಲ್ಕೂ ರೆಕಾರ್ಡು ಅವಳಿಗೆ ಬಾಯಿಪಾಠ. "ಅವ್ವಾ, ಕಾಕಾ ಬರೇ ಕೇಳ್ತಾರಲ್ಲರಿ, ಇದಕ್ಕ ಉತ್ತರ ಯಾವ ರೆಕಾರ್ಡಿನ್ಯಾಗ ಐತ್ರಿ?" ಎಂದಳು. ನನಗೆ ನಗು ಬಂತು, ಆಮೇಲೆ ಕೆಮ್ಮು ಬಂತು. ಹರದೇಶಿ ಅಂದರೆ ಗಂಡಿನ ಪರ, ಶಿವನ ಪಕ್ಷ. ನಾಗೇಶಿ ಅಂದರೆ ಹೆಣ್ಣಿನ ಪರ, ಶಕ್ತಿಯ ಪಕ್ಷ. ಎರಡು ಮೇಳ ಎದುರುಬದುರು ನಿಂತು ದಪ್ಪು ಬಾರಿಸುತ್ತ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ಜಗಳವಾಡುವುದು. ಅವರು ಕೇಳಿದ್ದಕ್ಕೆ ನಾವು ಹೇಳಬೇಕು, ನಾವು ಕೇಳಿದ್ದಕ್ಕೆ ಅವರು ಹೇಳಬೇಕು. ಅಮೋಘಿ ಕಾಕಾ ಕೇಳುವವನು, ನಾನು ಹೇಳುವವಳು. ಇಷ್ಟನ್ನು ಅವಳಿಗೆ ಬಿಡಿಸಿ ಹೇಳಿದೆ. ಅಂಗಡಿಯಲ್ಲಿ ದಿನವಿಡೀ ನಿನ್ನ ಹಾಡು ಕೇಳಿ ಬೆಳೆದ ಹುಡುಗಿಗೆ ನಾನು ಯಾರೆಂದು ನಾನೇ ಹೇಳಬೇಕಾಯಿತು ಅಣ್ಣಾ. ಅದನ್ನು ಹೇಳಿ ಮುಗಿಸಿದಾಗ ಒಂದು ಹಾಡಿಕೆ ಮುಗಿಸಿದಷ್ಟು ದಣಿವಾಯಿತು.

ನನಗೆ ಅಕ್ಷರ ಬರುವುದೂ ನಿಮ್ಮಂಥವರ ದೆಸೆಯಿಂದಲೇ. ಪುರಾಣ ಓದದವಳು ಹರದೇಶಿಯವರ ಎದುರು ನಿಲ್ಲಲಾರಳೆಂದು ನನ್ನಪ್ಪ ಬೀರಣ್ಣ ಊರವರಿಂದ ಬೈಸಿಕೊಂಡು ನನ್ನನ್ನು ಸಾಲೆಗೆ ಹಾಕಿದ. ಮದುವೆಯ ಯೋಗ ಬರಲಿಲ್ಲ, ಅಪ್ಪನ ದಪ್ಪು ನನ್ನ ಕೈಗೆ ಬಂತು. ನಿನ್ನೆದುರು ಮೊದಲ ಸಲ ನಿಂತಾಗ ನಾನು ಅವಸರದಲ್ಲಿ ಸಾಲು ನುಂಗಿದ್ದು ನಿನಗೆ ಕೇಳಿಸಿತ್ತು. "ಬೀರಣ್ಣನ ಮಗಳ, ಸಾವಕಾಶ ಹಾಡು, ನಾ ಎಲ್ಲಿಗೂ ಹೋಗಂಗಿಲ್ಲ" ಎಂದಿದ್ದೆ. ಮರುಗಳಿಗೆಯೇ ನನ್ನ ಕುಲಕೋಟಿಯನ್ನೆಲ್ಲ ಜಾಲಾಡಿ ಹಾಡಿದೆ. ಅಂದಿನಿಂದ ನಾವು ಎಷ್ಟು ಊರು ಸುತ್ತಿದೆವು. ಬೆಳತನಕ ಒಬ್ಬರನ್ನೊಬ್ಬರು ಬೈದುಕೊಂಡು, ಬೆಳಗಾದ ಮೇಲೆ ಒಂದೇ ಚಕ್ಕಡಿಯಲ್ಲಿ ಕೂತು ಚುರಮುರಿ ತಿನ್ನುತ್ತ ಬರುತ್ತಿದ್ದೆವು. ಹೊಸಬರು ನೋಡಿದರೆ ಇವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ಕನಮಡಿಯ ಹಾಡಿಕೆ ನಿನಗೆ ನೆನಪಿರಬೇಕು. ಒಲೆಯ ಸವಾಲನ್ನು ನೀನು ಮೊದಲ ಬಾರಿ ಹಾಕಿದ್ದು ಅಲ್ಲೇ.

ಬೆಂಕಿ ಇಲ್ಲದ ಒಲಿಗಿ ಒಲಿ ಅಂದವರ್ಯಾರ,
ಬೆಂಕಿ ನಾನು, ಒಲಿ ನೀನು, ಹೆಚ್ಚಿನವರ್ಯಾರ.

ಗಂಡಸರೆಲ್ಲ ಎದ್ದು ನಿಂತು ರುಮಾಲು ಹಾರಿಸಿದರು. ಸಕ್ರವ್ವ ತುಂತುಣಿ ಮೀಟುವುದನ್ನು ಬಿಟ್ಟು ನನ್ನ ಮುಖ ನೋಡಿದಳು, ಮುಗಿಯಿತು ನಮ್ಮ ಕತೆ ಎನ್ನುವ ಹಾಗೆ. ನಾನು ದಪ್ಪನ್ನು ಕಾಯಿಸಿಕೊಳ್ಳುವ ನೆಪ ಮಾಡಿ ಒಂದಿಷ್ಟು ಹೊತ್ತು ತೆಗೆದೆ. ಆಮೇಲೆ ಎದ್ದು ಹಾಡಿದೆ.

ಒಲಿ ಇಲ್ಲದ ಬೆಂಕಿಗಿ ಗಡಗಿ ಇಟ್ಟವರ್ಯಾರ,
ಊರ ಮಂದಿ ಕೊಡಾ ಹೊತ್ತು ಆರಸಾಕ ಬರತಾರ.

ಹೆಂಗಸರು ಕೂತಲ್ಲೇ ಚಪ್ಪಾಳೆ ತಟ್ಟಿದರು. ನೀನು ಜವಾಬನ್ನು ಪೂರ್ತಿ ಕೇಳಿದೆ, ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ದಪ್ಪಿಗೆ ಒಂದು ಪೆಟ್ಟು ಕೊಟ್ಟು ಒಪ್ಪಿದೆ. ಬೆಳಿಗ್ಗೆ ಚಕ್ಕಡಿಯಲ್ಲಿ ನಿನ್ನ ಮುಖ ಸಪ್ಪಗಿತ್ತು. "ತಂಗೀ, ಕೊಡಾ ಹೊರೂ ಮಾತು ಎಲ್ಲಿಂದ ತಗದಿ? ನನಗ ಹೊಳದಿದ್ದಿಲ್ಲ ನೋಡು" ಎಂದೆ. ನನ್ನ ಹಾಡಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಯಾರೂ ಕೊಡಲಿಲ್ಲ.

ಎಪ್ಪತ್ತೊಂದರಲ್ಲಿ ಕಂಪನಿಯ ಮನುಷ್ಯ ಸೈಫುದ್ದೀನನ ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ನಮ್ಮಿಬ್ಬರ ಹಾಡು ಕೇಳಿದ. ಸಣ್ಣ ರೆಕಾರ್ಡು, ಒಂದು ಮಗ್ಗುಲಿಗೆ ಒಂದೇ ಹಾಡು ಹಿಡಿಯುತ್ತದೆ, ಈಗ ಎರಡೂ ಮಗ್ಗುಲಿಗೆ ಗಂಡಸಿನದು ಮಾಡೋಣ, ಜನ ಕೊಂಡರೆ ಮುಂದೆ ಹೆಣ್ಣುಮಗಳದು ಮಾಡೋಣ ಎಂದ. ನಾವಿಬ್ಬರೂ ತಲೆಯಾಡಿಸಿದೆವು. ಬಸ್ ಸ್ಟ್ಯಾಂಡಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಸವಾಲು ಮೊದಲ ಹೋಗಲಿ ತಂಗಿ. ಜವಾಬು ಹಿಂದಿಂದ ಬರತೈತಿ." ನನಗೂ ಅದೇ ಸರಿ ಅನ್ನಿಸಿತು. ನಮ್ಮಲ್ಲಿ ಹರದೇಶಿಯವರು ಮೊದಲು ಏಳುವುದು, ನಾಗೇಶಿಯವರು ಆಮೇಲೆ. ಹುಟ್ಟಿದಾಗಿನಿಂದ ಹಾಗೇ ನಡೆದಿದೆ. ಬೇರೆ ಯಾರೇ ಆಗಿದ್ದರೂ ಅಲ್ಲೇ ಜಗಳ ತೆಗೆಯುತ್ತಿದ್ದರು. ನಾವು ಪದ್ಧತಿ ಬಲ್ಲವರು, ಅದಕ್ಕೇ ಮೋಸ ಹೋದೆವು. ಸವಾಲು ಕೇಳಿದ ಮೇಲೆ ಜವಾಬಿಗೆ ಯಾರೂ ಕಾಯುವುದಿಲ್ಲ, ಅಂಥ ಒಂದು ಜಾಗ ಈ ಲೋಕದಲ್ಲಿ ಇದೆ ಎಂದು ನಮಗೆ ಹೇಗೆ ಗೊತ್ತಾಗಬೇಕು.

ಮುಂಬಯಿಯಲ್ಲಿ ರೆಕಾರ್ಡಿಗೆ ಹಾಡಿ ಬಂದವನು ನೀನು ಮನೆಗೂ ಹೋಗದೆ ನೆಟ್ಟಗೆ ತಿಕೋಟಾಕ್ಕೆ ಬಂದಿದ್ದೆ. "ಗ್ವಾಡಿಗೆಲ್ಲಾ ಗಾದಿ ಬಡದಾರ ತಂಗಿ. ಒದರಿದರ ದನಿ ತಿರಗಿ ಬರೂದಿಲ್ಲ. ಮುಂದ ಒಂದು ಕಬ್ಬಿಣದ ಕಡ್ಡಿ ನಿಂದರಿಸ್ಯಾರ. ಅದಕ್ಕ ಸವಾಲು ಹಾಕಿ ಬಂದೇನಿ" ಎಂದು ಹೇಳಿ ನಕ್ಕೆ. ಸಕ್ರವ್ವನೂ ನಾನೂ ನಕ್ಕೆವು. ಅಂದಿನಿಂದಲೇ ನಾವಿಬ್ಬರೂ ದಿನಾ ಸಂಜೆ ಒಲೆಯ ಜವಾಬನ್ನು ಹಾಡಿ ಹಾಡಿ ಸಣ್ಣ ರೆಕಾರ್ಡಿಗೆ ಹಿಡಿಯುವ ಹಾಗೆ ಕಿರಿದು ಮಾಡಿ ಇಟ್ಟುಕೊಂಡೆವು.

ನಿನ್ನ ಮೊದಲ ರೆಕಾರ್ಡನ್ನು ನಾನು ಸೈಫುದ್ದೀನನ ಅಂಗಡಿಯಲ್ಲಿ ನಿಂತು ಕೇಳಿದೆ. ಅದರ ಹೊದಿಕೆಯ ಚಿತ್ರದಲ್ಲಿ ನೀನು ಗೋಳಗುಮ್ಮಟದ ಮುಂದೆ ಮದುಮಗನ ಹಾಗೆ ನಿಂತಿದ್ದೆ. ನಿನ್ನ ದನಿ ಚೆನ್ನಾಗಿತ್ತು, ಇಲ್ಲ ಎನ್ನುವುದಿಲ್ಲ. ಹೊಲದಲ್ಲಿ ನಿಂತು ಕರೆದ ಹಾಗೆ ಬಿಚ್ಚಿ ಹಾಡಿದ್ದೆ. ಕಡೆಯ ಸಾಲು ಮುಗಿದ ಮೇಲೆ ಒಂದು ಕ್ಷಣ ಸುಮ್ಮನಾಗಿದ್ದೀಯ, ಆಮೇಲೆ ಮತ್ತೆ ಪಲ್ಲವಿ ಎತ್ತಿಕೊಂಡಿದ್ದೀಯ. ಕೇಳಿದವರಿಗೆ ಅದು ಉಸಿರು ತೆಗೆದುಕೊಂಡದ್ದು. ನನಗೆ ಗೊತ್ತು, ಅದು ನನ್ನ ದಪ್ಪಿನ ಪೆಟ್ಟು ಬೀಳುವ ಜಾಗ. ನೀನು ಆ ಗಾದಿ ಬಡಿದ ಕೋಣೆಯಲ್ಲೂ ನನಗೆ ಜಾಗ ಬಿಟ್ಟಿದ್ದೆ. ಅಂಗಡಿಯಲ್ಲಿ ನಿಂತವಳ ಕೈ ತಾನಾಗೇ ಮೇಲೆ ಹೋಯಿತು. ಸೈಫುದ್ದೀನ ನೋಡಿಯೂ ನೋಡದವನ ಹಾಗೆ ಇನ್ನೊಮ್ಮೆ ಹಾಕಿದ.

ಜನ ಕೊಂಡರು. ಎಷ್ಟು ಕೊಂಡರೆಂದರೆ ಕಂಪನಿಗೆ ಹೆಣ್ಣುಮಗಳ ನೆನಪೇ ಆಗಲಿಲ್ಲ. ಅಥಣಿ ರಸ್ತೆಯ ಮದುವೆಗಳಲ್ಲಿ ನೀನು, ಬಬಲೇಶ್ವರದ ಚಹಾದ ಹೋಟೆಲಿನಲ್ಲಿ ನೀನು, ಹೊಸ ಟ್ರ್ಯಾಕ್ಟರಿನ ಪೂಜೆಗೂ ನೀನು. ನಮ್ಮ ಮಂದಿಗೆ ಹಾಡಿಕೆಯ ಕಟ್ಟಳೆ ಗೊತ್ತಲ್ಲ, ಸವಾಲಿಗೆ ಜವಾಬು ಬರದಿದ್ದರೆ ಸೋತಂತೆ. ಹೋಟೆಲಿನಲ್ಲಿ ಕೂತವರು ದಿನಾ ಸವಾಲು ಕೇಳಿದರು, ಜವಾಬಿಗೆ ಕಾದರು, ಬರಲಿಲ್ಲ. "ಅಮೋಘಿ ಇಷ್ಟು ದಿನದಿಂದ ಕೇಳಾಕತ್ತಾನ, ಸಾವಂತ್ರವ್ವ ಬಾಯಿ ಬಿಡವಲ್ಲಳು" ಎಂದು ಅವರಲ್ಲಿ ಯಾರೋ ಅಂದರಂತೆ. ಮೊದಮೊದಲು ತಮಾಷೆಗೆ ಅಂದದ್ದು. ಅಂದು ಅಂದು ಆಮೇಲೆ ಅದೇ ನಿಜವಾಯಿತು. ಊರ ಹುಡುಗರು ನನ್ನ ಹಿಂದೆ ಒಲೆಯ ಸಾಲು ಹಾಡಿಕೊಂಡು ಬರುತ್ತಿದ್ದರು. ನಾನು ತಿರುಗಿ ನಿಂತು ಜವಾಬು ಹೇಳುತ್ತಿದ್ದೆ. ಬಾವಿಯ ಕಟ್ಟೆಯಲ್ಲಿ ಹೇಳಿದೆ, ಹಿಟ್ಟಿನ ಗಿರಣಿಯ ಮುಂದೆ ಪಾಳಿ ನಿಂತಾಗ ಹೇಳಿದೆ, ಬಸ್ಸಿನಲ್ಲಿ ಕಂಡಕ್ಟರ್ ಕೇಳಿದನೆಂದು ಅವನಿಗೂ ಹೇಳಿದೆ. ಅವರೆಲ್ಲ ಹೌದೌದು ಎಂದರು. ಮರುದಿನ ಮತ್ತೆ ರೆಕಾರ್ಡು ಹಚ್ಚಿದರು. ಊರವರಿಗೆ ಈಗ ಎರಡು ಮೇಳ ಕರೆಸಿ ಊಟ ಹಾಕುವ ಕೆಲಸವೇ ಇಲ್ಲ, ಸೈಫುದ್ದೀನನಿಗೆ ಒಂದು ಮಾತು ಹೇಳಿದರೆ ಸ್ಪೀಕರ್ ಸಮೇತ ನೀನು ಬರುತ್ತೀಯ. ನನಗೆ ಕರೆ ಬರುವುದು ನಿಂತಿತು.

ತಿಕೋಟಾದ ಆ ಮದುವೆಯ ಕತೆ ನಿನ್ನ ಕಿವಿಗೂ ಬಿದ್ದಿರಬೇಕು, ನಾನೇ ಹೇಳುತ್ತೇನೆ ಕೇಳು. ನಡುಮಧ್ಯಾಹ್ನ, ಹಂದರದ ಬೇವಿನ ಮರಕ್ಕೆ ಸ್ಪೀಕರ್ ಕಟ್ಟಿದ್ದರು. ಅಕ್ಷತೆ ಮುಗಿದು ಊಟಕ್ಕೆ ಕೂತಿದ್ದೆವು. ನಿನ್ನ ಸವಾಲು ಶುರುವಾಯಿತು. ಬೀಗರ ಕಡೆಯ ಒಬ್ಬ ಮನುಷ್ಯ ನನ್ನ ಎಲೆಯ ಮುಂದೆ ಬಗ್ಗಿ, "ಏನವಾ ನಾಗೇಶಿ, ಹುಗ್ಗಿ ಉಣತೀಯೋ, ಜವಾಬು ಕೊಡತೀಯೋ" ಎಂದ. ಉಣ್ಣುವ ಕೈಯಲ್ಲೇ ಎದ್ದೆ. ಸಕ್ರವ್ವ ಸೆರಗು ಹಿಡಿದು ಎಳೆದಳು, ಬಿಡಿಸಿಕೊಂಡೆ. ನಿನ್ನ ಹಾಡು ಮುಗಿಯುವುದನ್ನೇ ಕಾದು ಮರದ ಕಡೆ ಮುಖ ಮಾಡಿ ಗಂಟಲೆತ್ತಿ ಹಾಡಿದೆ. ಪಂಕ್ತಿಯ ಮಂದಿಯೆಲ್ಲ ಊಟ ಬಿಟ್ಟು ನೋಡಿದರು. ಮೊದಲ ಸಾಲು ಆಯಿತು, ಎರಡನೆಯದು ಎತ್ತಿಕೊಂಡೆ, ಅಷ್ಟರಲ್ಲಿ ಸ್ಪೀಕರಿನವನು ರೆಕಾರ್ಡು ಮಗ್ಗುಲು ಬದಲಿಸಿದ. ನೀನು ನನ್ನ ಜವಾಬು ಕೇಳದೆಯೇ ಎರಡನೆಯ ಸವಾಲು ಹಾಕಿದೆ. ನನ್ನ ದನಿ ನಿನ್ನ ದನಿಯ ಕೆಳಗೆ ಸಿಕ್ಕಿಕೊಂಡಿತು. ಮಂದಿ ನಕ್ಕರು. ಕೆಟ್ಟ ನಗುವಲ್ಲ, ಮದುವೆಯ ನಗು. ನಾನೂ ನಕ್ಕು ಕೂತೆ. ಆದರೆ ಹುಗ್ಗಿಯ ಮೇಲೆ ಎಲೆ ಮಡಚಿ ಎದ್ದೆ ಅಣ್ಣಾ. ಜೀವಂತ ಅಮೋಘಿಯ ಜೊತೆ ಇಡೀ ಹಾಡಿಕೆ ಹಾಡಿದರೂ ದಣಿಯದವಳು ಅಂದು ಎರಡು ಸಾಲಿಗೆ ದಣಿದೆ.

ನಿನ್ನ ಎರಡನೆಯ ರೆಕಾರ್ಡು ಬಂದಾಗ ನಿನ್ನ ಗಂಟಲಿನಲ್ಲಿ ಶೀತವಿತ್ತು, ಅದನ್ನು ಮುಚ್ಚಲು ಬೇಗ ಬೇಗ ಹಾಡಿದ್ದೆ. ಮೂರನೆಯದರಲ್ಲಿ ಹಾರ್ಮೋನಿಯಮ್ ಪೇಟಿ ಬಂತು, ಕ್ಲಾರಿಯೋನೆಟ್ ಬಂತು. ಸಾಲು ಮುಗಿದ ಕೂಡಲೇ ಅದು ಕುಯ್ಯೆಂದು ನುಗ್ಗುತ್ತದೆ. ಮೊದಲನೆಯದರಲ್ಲಿ ನೀನು ನನಗೆ ಬಿಟ್ಟಿದ್ದ ಜಾಗದಲ್ಲಿ ಈಗ ಕ್ಲಾರಿಯೋನೆಟ್ ಕೂತಿದೆ. ಅದನ್ನು ಕೇಳಿದಾಗ ನೀನು ನನಗಾಗಿ ಕಾಯುವುದನ್ನು ಬಿಟ್ಟೆ ಎಂದು ತಿಳಿಯಿತು. ಬೈಯಲಿಲ್ಲ. ಬರದವಳಿಗಾಗಿ ಎಷ್ಟು ದಿನ ಕಾಯುತ್ತಾರೆ ಎಂದುಕೊಂಡೆ.

ನಾಲ್ಕನೆಯದನ್ನು ಮಾತ್ರ ನಾನು ಕ್ಷಮಿಸಿಲ್ಲ. ಅದರಲ್ಲಿ ಒಬ್ಬ ಹೆಣ್ಣುಮಗಳ ದನಿ ಇದೆ. ಸಕ್ಕರೆ ಪಾಕದಂಥ ದನಿ, ಪಾಪ, ಯಾರ ಮಗಳೋ. ನೀನು ಗಂಡು ಹೆಚ್ಚು ಎಂದು ಹಾಡುತ್ತೀಯ, ಅವಳು ಹಿಂದಿನಿಂದ "ಹೌದ್ರಿ, ಹೌದ್ರಿ" ಎನ್ನುತ್ತಾಳೆ. ನಿನ್ನೆದುರು ಹೆಣ್ಣಿನ ಬಾಯಲ್ಲಿ ಆ ಮಾತು ಬಂದದ್ದನ್ನು ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅಂದು ಮನೆಗೆ ಬಂದು ಅತ್ತೆ. ಸಕ್ರವ್ವ ತುಂತುಣಿಯ ತಂತಿ ಬಿಚ್ಚಿ ಸುತ್ತಿ ಗೋಡೆಯ ಮಾಡದಲ್ಲಿ ಇಟ್ಟಳು. ಆ ತಂತಿಯನ್ನು ಈಗ ಅವಳು ಮೊಮ್ಮಗನ ಆಟದ ಗಾಡಿ ಕಟ್ಟಲು ಕೊಟ್ಟುಬಿಟ್ಟಿದ್ದಾಳೆ.

ಇಷ್ಟೆಲ್ಲ ಬರೆದದ್ದು ನಿನ್ನನ್ನು ಚುಚ್ಚಲಿಕ್ಕಲ್ಲ. ಚುಚ್ಚುವುದಾಗಿದ್ದರೆ ಹಾಡಿನಲ್ಲೇ ಚುಚ್ಚುತ್ತಿದ್ದೆ, ಅದಕ್ಕೆ ನಿನಗೆ ಅಭ್ಯಾಸವಿದೆ. ನೀನೂ ದಣಿದಿದ್ದೀಯ ಎಂದು ಸೈಫುದ್ದೀನ ಹೇಳಿದ. ಈಗೀಗ ಮನೆಯಲ್ಲಿ ಹಾಡುವುದಿಲ್ಲವಂತೆ, ಹೊರಗೆ ಎಲ್ಲಾದರೂ ನಿನ್ನ ರೆಕಾರ್ಡು ಕೇಳಿಸಿದರೆ ಎದ್ದು ಒಳಗೆ ಹೋಗುತ್ತೀಯಂತೆ. "ಕಾಕಾ ತಮ್ಮ ದನಿ ಕೇಳಿ ತಾವ ಬ್ಯಾಸತ್ತಾರ್ರಿ" ಎಂದಳು ಸಬೀರಾ. ಆ ಮಾತು ಕೇಳಿದ ಮೇಲೆ ನಿನ್ನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಎಷ್ಟೋ ವರ್ಷ ಅದನ್ನೇ ನೆಚ್ಚಿಕೊಂಡಿದ್ದೆ. ಈಗ ಅದೂ ಇಲ್ಲ.

ಆದರೂ ನಾನು ಮುಂಬಯಿಗೆ ಬರುವುದಿಲ್ಲ ಅಣ್ಣಾ. ಒಂದು ಕಾರಣ ನಿನಗೆ ಗೊತ್ತೇ ಇದೆ, ದಮ್ಮು. ಒಂದು ಸಾಲಿಗೆ ಎರಡು ಕಡೆ ನಿಲ್ಲಬೇಕು. ಔಷಧ ತೆಗೆದುಕೊಂಡರೆ ಒಂದು ತಾಸು ತಡೆಯುತ್ತದೆ, ಆ ಒಂದು ತಾಸಿನಲ್ಲಿ ಹಾಡಿಬಿಡಬಹುದು ಎಂದು ಸೈಫುದ್ದೀನ ಲೆಕ್ಕ ಹಾಕಿದ. ಹಾಡಬಹುದೇನೋ. ಯಾರ ಎದುರು ಹಾಡಲಿ? ನಿನ್ನನ್ನು ಒಂದು ದಿನ ಆ ಕೋಣೆಗೆ ಕಳಿಸುತ್ತಾರಂತೆ, ನನ್ನನ್ನು ಮರುದಿನ. ನಾನು ನಿನ್ನ ಮುಖ ನೋಡದೆ, ನೀನು ಹುಬ್ಬು ಗಂಟಿಕ್ಕಿದ್ದನ್ನು ನೋಡದೆ, ಆ ಕಬ್ಬಿಣದ ಕಡ್ಡಿಗೆ ಜವಾಬು ಹೇಳಬೇಕು. ಬೇವಿನ ಮರಕ್ಕೆ ಒಂದು ಸಲ ಹೇಳಿದ್ದೇನೆ, ಸಾಕು.

ಬರೆದೂ ಕೊಡುವುದಿಲ್ಲ. ಆ ಸಕ್ಕರೆ ದನಿಯವಳು ತಪ್ಪಿಲ್ಲದೆ ಹಾಡಿಯಾಳು. ನೀನು ಅವಳಿಗೆ ಎಂದೂ ಬೈದಿಲ್ಲ, ಅವಳು ನಿನಗೆ ಎಂದೂ ಹೆದರಿಲ್ಲ, ಜವಾಬು ಅವಳಿಗೆ ಎಲ್ಲಿಂದ ಹುಟ್ಟಬೇಕು. ನನ್ನ ಸಾಲು ಮೇಲಿನಿಂದ ಉದುರಿದ್ದಲ್ಲ, ಕನಮಡಿಯಲ್ಲಿ ಮಂದಿಯೆಲ್ಲ ನಾನು ಸೋತೆ ಎಂದುಕೊಂಡ ಆ ಗಳಿಗೆಯಲ್ಲಿ ಹೊಟ್ಟೆಯ ಸಂಕಟದಿಂದ ಬಂದದ್ದು. ಐದನೆಯ ರೆಕಾರ್ಡಿನ ಎರಡನೆಯ ಮಗ್ಗುಲು ಏನಾದರೂ ಆಗಲಿ, ಅದರ ಮೇಲೆ ನನ್ನ ಹೆಸರು ಬೇಡ. ಈ ಮಾತನ್ನು ಕಂಪನಿಗೆ ನೀನೇ ಹೇಳು, ನೀನು ಹೇಳಿದರೆ ಕೇಳುತ್ತಾರೆ.

ಈಗ ನನ್ನ ಬೇಡಿಕೆ ಹೇಳುತ್ತೇನೆ. ಶಿವರಾತ್ರಿಯ ಮೊದಲು ಒಂದು ದಿನ ತಿಕೋಟಾಕ್ಕೆ ಬಾ. ಕಂಪನಿಯ ಕಾರು ಬೇಡ, ಬಸ್ಸಿಗೆ ಬಾ. ಪೇಟಿಯವರು ಬೇಡ. ನಮ್ಮ ಮನೆಯ ಪಡಸಾಲೆಯಲ್ಲಿ ಹಗಲು ಹೊತ್ತು ಎದುರುಬದುರು ಕೂಡೋಣ. ಕೇಳಲು ಸಕ್ರವ್ವ ಇರುತ್ತಾಳೆ, ಬರುತ್ತೇನೆಂದರೆ ಸಬೀರಾನೂ ಬರಲಿ. ಕನಮಡಿಯಲ್ಲಿ ಕೇಳಿದ್ದನ್ನೇ ಕೇಳು, ಇಲ್ಲವೇ ಹೊಸದೇನಾದರೂ ಕೇಳು. ನಾನು ಜವಾಬು ಕೊಡುತ್ತೇನೆ. ಕೊಡುತ್ತ ಕೊಡುತ್ತ ನಡುಸಾಲಿನಲ್ಲಿ ನನ್ನ ಉಸಿರು ನಿಲ್ಲುತ್ತದೆ, ಅದು ನನಗೆ ಗೊತ್ತು, ನೋಡಿದ ಕೂಡಲೇ ನಿನಗೂ ಗೊತ್ತಾಗುತ್ತದೆ. ಕರುಣೆ ತೋರಿಸಿ ನಿಲ್ಲಿಸಬೇಡ. ಮುಂದಿನ ಸವಾಲು ಹಾಕು.

ಊರವರೆಲ್ಲ ನೀನು ಗೆದ್ದೆ ಎನ್ನುತ್ತಾರೆ, ರೆಕಾರ್ಡಿನ ಮೇಲೂ ಹಾಗೇ ಅಚ್ಚು ಹಾಕಿದ್ದಾರೆ. ನಮ್ಮ ಹಾಡಿಕೆಯಲ್ಲಿ ಅದಕ್ಕೆ ಬೆಲೆಯಿಲ್ಲ ಎಂದು ನಿನಗೆ ಗೊತ್ತು. ಗೆದ್ದೆ ಎನ್ನುವ ಮಾತು ಎದುರಾಳಿಯ ಬಾಯಿಂದಲೇ ಬರಬೇಕು. ಇಷ್ಟು ವರ್ಷದಲ್ಲಿ ನಾನು ಆ ಮಾತು ನಿನಗೆ ಕೊಟ್ಟಿಲ್ಲ, ನಾಲ್ಕು ರೆಕಾರ್ಡು ಸೇರಿದರೂ ಅದನ್ನು ನಿನಗೆ ಕೊಡಲಾಗಿಲ್ಲ. ಅದಕ್ಕೇ ನಿನ್ನ ಹಾಡು ಕೇಳಿದರೆ ನೀನು ಒಳಗೆ ಎದ್ದು ಹೋಗುವುದು, ನನ್ನಿಂದ ಮುಚ್ಚಿಡಬೇಡ. ಬಾ, ನನ್ನ ಉಸಿರು ನಿಂತಾಗ ದಪ್ಪು ಕೆಳಗಿಟ್ಟು ನಾನೇ ಹೇಳುತ್ತೇನೆ, ಗೆದ್ದಿ ಅಣ್ಣಾ ಎಂದು. ಸೋಲಲು ನನಗೆ ನಾಚಿಕೆಯಿಲ್ಲ. ಯಂತ್ರಕ್ಕೆ ಸೋತವಳು ಎನ್ನಿಸಿಕೊಂಡು ಸಾಯಲಾರೆ, ಅಮೋಘಿಗೆ ಸೋತವಳು ಎನ್ನಿಸಿಕೊಂಡು ಸಾಯುತ್ತೇನೆ.

ನಿನ್ನ ಗಂಟಲಿಗೆ ನೆಗಡಿ ತಾಗದಿರಲಿ, ನಿನ್ನ ಮನೆಯ ಮಕ್ಕಳು ಮರಿ ಎಲ್ಲರೂ ಸುಖವಾಗಿರಲಿ. ಬರುವ ದಾರಿ ನಿನಗೆ ಮರೆತಿರಲಿಕ್ಕಿಲ್ಲ.

ಇನ್ನೂ ಸೋಲದಿರುವ,
ನಿನ್ನ ಎದುರಾಳಿ ತಂಗಿ
ಸಾವಂತ್ರವ್ವ